ನೋಡುವವರಿಲ್ಲದ ಬೆಳಕು: ಗಣಕಯಂತ್ರದ ಪರದೆಯೂ ಅನರ್ಥದಂಡವೂ

ಕೋಣೆಯಿಂದ ಹೊರಡುವಾಗ ದೀಪವನ್ನು ಆರಿಸಬೇಕೆಂದು ಶ್ರಾವಕರ ಮನೆಗಳಲ್ಲಿ ಮಕ್ಕಳಿಗೆ ಎರಡು ಸಲ ಹೇಳಬೇಕಾಗಿಲ್ಲ. ನಲ್ಲಿಯಿಂದ ನೀರು ವೃಥಾ ಹರಿಯುವ ಸದ್ದು ಕೇಳಿದರೆ ಮನೆಯ ಹಿರಿಯರು ಪೂಜೆಯ ನಡುವೆಯಾದರೂ ಎದ್ದು ಬಂದು ನಿಲ್ಲಿಸುತ್ತಾರೆ. ನೀರನ್ನು ಸೋಸಿ ಕುಡಿಯುವುದು, ಸೂರ್ಯಾಸ್ತಕ್ಕೆ ಮುನ್ನ ಊಟ ಮುಗಿಸುವುದು, ನೆಲ ನೋಡಿ ಹೆಜ್ಜೆಯಿಡುವುದು ಇವೆಲ್ಲ ತಲೆತಲಾಂತರದಿಂದ ಬಂದ ಎಚ್ಚರಗಳು. ಆದರೆ ಅದೇ ಮನೆಯವರು ನಡೆಸುವ ಅಂಗಡಿಯಲ್ಲಿ, ಅದೇ ಸಮಾಜದವರು ನೋಡಿಕೊಳ್ಳುವ ಬಸದಿಯ ಕಚೇರಿಯಲ್ಲಿ ಗಣಕಯಂತ್ರದ ಪರದೆಯೊಂದು ಬೆಳಗಿನಿಂದ ಸಂಜೆಯವರೆಗೂ, ಕೆಲವೆಡೆ ಸಂಜೆಯಿಂದ ಮರುದಿನ ಬೆಳಗಿನವರೆಗೂ, ಎದುರಿಗೆ ನರಪ್ರಾಣಿ ಇಲ್ಲದೆ ಬೆಳಗುತ್ತಿರುತ್ತದೆ. ಅದನ್ನು ದೋಷವೆಂದು ಎಣಿಸುವವರು ವಿರಳ.

ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳಂತಹ ಊರುಗಳಲ್ಲಿ ಇಂದು ಬಟ್ಟೆಯ ಅಂಗಡಿ, ಔಷಧದ ಅಂಗಡಿ, ಅಡಿಕೆಯ ವಹಿವಾಟು, ಶಾಲೆ, ಸಹಕಾರ ಸಂಘ, ದೇವಸ್ಥಾನದ ಕಾರ್ಯಾಲಯ ಎಲ್ಲವೂ ಗಣಕಯಂತ್ರವನ್ನು ಅವಲಂಬಿಸಿವೆ. ಲೆಕ್ಕದ ಪುಸ್ತಕ ಹೋಗಿ ಪರದೆ ಬಂದಿದೆ. ಇದು ತಪ್ಪಲ್ಲ. ಆದರೆ ಪುಸ್ತಕವನ್ನು ಮುಚ್ಚಿಡುತ್ತಿದ್ದ ಕೈ ಪರದೆಯನ್ನು ಮುಚ್ಚುವುದನ್ನು ಕಲಿತಿಲ್ಲ.

ಇದಕ್ಕೆ ಸಾಮಾನ್ಯವಾಗಿ ಹೇಳುವ ಕಾರಣ ಮರೆವು. ಗುಮಾಸ್ತ ಊಟಕ್ಕೆ ಎದ್ದುಹೋಗುವಾಗ ಮರೆತ, ಮುನೀಮರು ಬ್ಯಾಂಕಿಗೆ ಹೋಗುವ ಅವಸರದಲ್ಲಿ ಮರೆತರು ಎಂಬುದು ಸಿದ್ಧವಾದ ಸಮಜಾಯಿಷಿ. ಈ ಸಮಜಾಯಿಷಿಯನ್ನು ಒಪ್ಪಲಾಗದು. ಗಣಕಯಂತ್ರವನ್ನು ರೂಪಿಸಿದವರು ಮನುಷ್ಯನ ಮರೆವನ್ನು ಮೊದಲೇ ಊಹಿಸಿದ್ದಾರೆ. ಕೀಲಿಮಣೆಯನ್ನಾಗಲಿ ಮೌಸನ್ನಾಗಲಿ ಯಾರೂ ಮುಟ್ಟದೆ ಇಷ್ಟು ನಿಮಿಷ ಕಳೆದರೆ ಪರದೆ ತಾನಾಗಿ ಆರಲಿ ಎಂದು ಅದಕ್ಕೆ ಒಮ್ಮೆ ತಿಳಿಸಿಟ್ಟರೆ ಸಾಕು, ಅದು ಮತ್ತೆಂದೂ ಮರೆಯುವುದಿಲ್ಲ. ಹೊಸ ಯಂತ್ರಗಳಲ್ಲಿ ಸಾಮಾನ್ಯವಾಗಿ ಇಂತಹದೊಂದು ಕಾಲಮಿತಿ ಮೊದಲಿನಿಂದಲೇ ಇರುತ್ತದೆ. ಪರದೆ ಆರುತ್ತದೆಂದು ಬೇಸರಪಟ್ಟು, ಯಂತ್ರ ಜೋಡಿಸಲು ಬಂದ ಹುಡುಗನಿಗೆ ಹೇಳಿ, ಆ ಮಿತಿಯನ್ನು ತೆಗೆಸಿ 'ಎಂದಿಗೂ ಆರದಿರಲಿ' ಎಂದು ಬದಲಾಯಿಸಿದ ಮೇಲೆ ಮರೆವಿನ ಮಾತು ಎಲ್ಲಿಂದ ಬಂತು? ಅದು ಒಬ್ಬರು ಕುಳಿತು ಯೋಚಿಸಿ ಮಾಡಿದ ತೀರ್ಮಾನ. ತೀರ್ಮಾನವೆಂದ ಮೇಲೆ ಅದಕ್ಕೆ ಹೊಣೆಗಾರರು ಇರಲೇಬೇಕು.

ಗೃಹಸ್ಥನಿಗೆ ಹಿಂಸೆಯಿಂದ ಸಂಪೂರ್ಣ ಬಿಡುಗಡೆಯಿಲ್ಲವೆಂಬುದನ್ನು ಶಾಸ್ತ್ರಕಾರರು ಬಲ್ಲರು. ಅಡಿಗೆಗೆ ಬೆಂಕಿ ಬೇಕು, ಬೇಸಾಯಕ್ಕೆ ನೆಲವನ್ನು ಅಗೆಯಬೇಕು, ವ್ಯಾಪಾರಕ್ಕೆ ಸಂಚಾರ ಬೇಕು. ಆದುದರಿಂದಲೇ ಅವರು ಪ್ರಯೋಜನಕ್ಕಾಗಿ ನಡೆಯುವ ಹಿಂಸೆಯನ್ನೂ ಯಾವ ಪ್ರಯೋಜನವೂ ಇಲ್ಲದೆ ನಡೆಯುವ ಹಿಂಸೆಯನ್ನೂ ಬೇರ್ಪಡಿಸಿದರು. ಎರಡನೆಯದರಿಂದ ದೂರವಿರುವುದೇ ಅನರ್ಥದಂಡವಿರತಿ. ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರವು ಅನರ್ಥದಂಡದ ಐದು ಪ್ರಭೇದಗಳಲ್ಲಿ ಪ್ರಮಾದಚರ್ಯೆಯನ್ನು ಒಂದಾಗಿ ಹೇಳಿ, ಫಲವಿಲ್ಲದೆ ಮಣ್ಣು, ನೀರು, ಬೆಂಕಿ, ಗಾಳಿಗಳ ಗೊಡವೆಗೆ ಹೋಗುವುದನ್ನು ಅದರಲ್ಲಿ ಸೇರಿಸುತ್ತದೆ. ತತ್ತ್ವಾರ್ಥಸೂತ್ರವು ಈ ವ್ರತದ ಅತಿಚಾರಗಳನ್ನು ಎಣಿಸುವಾಗ ಅಸಮೀಕ್ಷ್ಯಾಧಿಕರಣ ಎಂಬುದೊಂದನ್ನು ಹೆಸರಿಸುತ್ತದೆ: ಬೇಕೋ ಬೇಡವೋ, ಎಷ್ಟು ಬೇಕು ಎಂದು ವಿಚಾರಿಸದೆ ಕಾರ್ಯವನ್ನೋ ಉಪಕರಣವನ್ನೋ ಹೂಡುವುದು. ಈ ಎರಡು ಶಬ್ದಗಳು ರೂಢಿಗೆ ಬಂದ ಕಾಲದಲ್ಲಿ ಗಣಕಯಂತ್ರ ಇರಲಿಲ್ಲ. ಆದರೆ ಕಾಲಮಿತಿಯಿಲ್ಲದೆ ಬಿಟ್ಟ ಪರದೆಗೆ ಇವಕ್ಕಿಂತ ಸರಿಯಾಗಿ ಹೊಂದುವ ಶಬ್ದಗಳನ್ನು ಈಗ ಹುಡುಕಿದರೂ ಸಿಗಲಾರವು.

ಇಲ್ಲಿ ಕೆಲವರು ಹಳೆಯದೊಂದು ಚರ್ಚೆಯನ್ನು ಎತ್ತುವುದುಂಟು. ವಿದ್ಯುತ್ತು ಸಚಿತ್ತವೇ ಅಚಿತ್ತವೇ, ತೇಜಸ್ಕಾಯದ ಜೀವಗಳು ಅದರಲ್ಲಿವೆಯೇ ಇಲ್ಲವೇ ಎಂಬ ಪ್ರಶ್ನೆಯಲ್ಲಿ ಸಂಪ್ರದಾಯಗಳ ನಡುವೆ ಭಿನ್ನಾಭಿಪ್ರಾಯವಿದೆ. ಅಚಿತ್ತವೆಂದು ನಂಬುವವರು ಪರದೆ ಬೆಳಗಿದರೆ ಯಾರಿಗೇನು ಹಾನಿ ಎಂದು ಕೇಳಬಹುದು. ಆ ಚರ್ಚೆಯನ್ನು ಮುನಿಗಳಿಗೂ ವಿದ್ವಾಂಸರಿಗೂ ಬಿಡುವುದು ಉಚಿತ, ಏಕೆಂದರೆ ಈ ಪ್ರಶ್ನೆ ಅದನ್ನು ಅವಲಂಬಿಸಿಲ್ಲ. ತಂತಿಯಲ್ಲಿ ಹರಿಯುವುದರಲ್ಲಿ ಜೀವವಿದೆಯೋ ಇಲ್ಲವೋ, ತಂತಿಯ ಇನ್ನೊಂದು ತುದಿಯಲ್ಲಿ ಉರಿಯುವುದು ಬೆಂಕಿಯೆಂಬುದರಲ್ಲಿ ಯಾರಿಗೂ ಸಂದೇಹವಿಲ್ಲ. ರಾಯಚೂರಿನ ಬಳಿ ಕೃಷ್ಣೆಯ ದಡದ ಶಕ್ತಿನಗರದಲ್ಲಿ 1985ರಿಂದ ಕಲ್ಲಿದ್ದಲು ಉರಿಯುತ್ತಿದೆ. ಬಳ್ಳಾರಿ ಜಿಲ್ಲೆಯ ಕುಡತಿನಿಯಲ್ಲಿಯೂ ಉರಿಯುತ್ತಿದೆ. ಆ ಕಲ್ಲಿದ್ದಲಿಗಾಗಿ ನೆಲವನ್ನು ಅಗೆಯಲಾಗುತ್ತದೆ, ಗಣಿಯ ಮೇಲಿನ ಕಾಡನ್ನು ಕಡಿಯಲಾಗುತ್ತದೆ, ನೀರನ್ನು ಆವಿಯಾಗಿಸಲಾಗುತ್ತದೆ, ಹೊಗೆ ಗಾಳಿಗೆ ಸೇರುತ್ತದೆ. ಪೃಥ್ವಿ, ವನಸ್ಪತಿ, ಜಲ, ಅಗ್ನಿ, ವಾಯು ಎಂಬ ಐದು ಸ್ಥಾವರಕಾಯಗಳಲ್ಲಿ ಬಾಧೆಗೊಳಗಾಗದೆ ಉಳಿದದ್ದು ಯಾವುದು?

ಪರದೆಯ ಕಥೆಯನ್ನು ಸ್ವಲ್ಪ ಹಿಂದಿನಿಂದ ತಿಳಿಯುವುದು ಒಳ್ಳೆಯದು. ಇಂದಿನ ಅನೇಕ ತಪ್ಪು ನಂಬಿಕೆಗಳು ಅಂದಿನ ಯಂತ್ರಗಳಿಂದ ಬಂದವು. ಮೊದಲಿನ ಮಾನಿಟರುಗಳು ದಪ್ಪ ಗಾಜಿನ ಕೊಳವೆಯವು. ಒಂದೇ ಚಿತ್ರ ಬಹಳ ಹೊತ್ತು ನಿಂತರೆ ಒಳಗಿನ ರಂಜಕದ ಲೇಪ ಸವೆದು ಆ ಚಿತ್ರದ ಛಾಯೆ ಗಾಜಿನಲ್ಲಿ ಶಾಶ್ವತವಾಗಿ ಉಳಿಯುತ್ತಿತ್ತು. ಅದನ್ನು ತಪ್ಪಿಸಲು ಯಾರೂ ಮುಟ್ಟದಿದ್ದಾಗ ಮೀನುಗಳನ್ನೋ ನಕ್ಷತ್ರಗಳನ್ನೋ ಓಡಾಡಿಸುವ ಚಿಕ್ಕ ತಂತ್ರಾಂಶಗಳು ಬಂದವು. ಅವಕ್ಕೆ ಸ್ಕ್ರೀನ್ ಸೇವರ್ ಎಂದು ಹೆಸರಾಯಿತು. ಅವು ಉಳಿಸುತ್ತಿದ್ದುದು ಗಾಜಿನ ಒಳಲೇಪವನ್ನು. ವಿದ್ಯುತ್ತನ್ನು ಉಳಿಸುವ ಉದ್ದೇಶ ಅವಕ್ಕೆ ಎಂದೂ ಇರಲಿಲ್ಲ.

ವಿದ್ಯುತ್ತನ್ನು ಉಳಿಸುವ ವಿಚಾರ ಬೇರೆ ದಾರಿಯಿಂದ ಬಂತು. 1992ರಲ್ಲಿ ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಎನರ್ಜಿ ಸ್ಟಾರ್ ಎಂಬ ಯೋಜನೆಯನ್ನು ಆರಂಭಿಸಿದಾಗ ಅದು ಮೊದಲು ಕೈಗೆತ್ತಿಕೊಂಡ ವಸ್ತುಗಳು ಗಣಕಯಂತ್ರ ಮತ್ತು ಮಾನಿಟರುಗಳೇ. ಕೆಲಸವಿಲ್ಲದಾಗ ಮಾನಿಟರ್ 30 ವ್ಯಾಟ್‌ಗಿಂತ ಹೆಚ್ಚು ಎಳೆಯಬಾರದು ಎಂಬ ಮಿತಿಯನ್ನು ಅದು ಇಟ್ಟಿತು. ಮರುವರ್ಷ, 1993ರಲ್ಲಿ, ವೆಸಾ ಎಂಬ ತಯಾರಕರ ಒಕ್ಕೂಟ ಮಾನಿಟರನ್ನು ಮಲಗಿಸುವ ಸರ್ವಸಮ್ಮತ ವಿಧಾನವನ್ನು ಗೊತ್ತುಪಡಿಸಿತು. ಗಣಕಯಂತ್ರದಿಂದ ಮಾನಿಟರಿಗೆ ಚಿತ್ರದ ಅಡ್ಡ ಸಾಲನ್ನೂ ಉದ್ದವನ್ನೂ ಹೊಂದಿಸುವ ಎರಡು ಸಂಕೇತಗಳು ಸದಾ ಹೋಗುತ್ತಿದ್ದವು. ಅವುಗಳಲ್ಲಿ ಒಂದು ನಿಂತರೆ ಅರೆನಿದ್ರೆ, ಎರಡೂ ನಿಂತರೆ ಪೂರ್ಣ ನಿದ್ರೆ. ಹೊಸ ತಂತಿಯಾಗಲಿ ಹೊಸ ಗುಂಡಿಯಾಗಲಿ ಬೇಕಾಗಲಿಲ್ಲ. ವಿಂಡೋಸ್ 95ರಲ್ಲಿ ಸ್ಕ್ರೀನ್ ಸೇವರ್ ಆಯ್ಕೆಯ ಪುಟದಲ್ಲಿಯೇ ಇಷ್ಟು ನಿಮಿಷಕ್ಕೆ ಮಾನಿಟರ್ ಆರಲಿ ಎಂದು ಬರೆಯುವ ಅವಕಾಶ ಬಂದಿತು. ಅಂದರೆ ಈ ಸೌಲಭ್ಯಕ್ಕೆ ಈಗ ಮೂವತ್ತು ವರ್ಷ. ಹೊಸತು, ಅಭ್ಯಾಸವಿಲ್ಲ, ಗೊತ್ತಿರಲಿಲ್ಲ ಎಂಬ ಮಾತುಗಳಿಗೆ ಇಲ್ಲಿ ಎಡೆಯಿಲ್ಲ.

ಆದರೂ ಇಂದಿಗೂ ಅನೇಕ ಕಚೇರಿಗಳಲ್ಲಿ ತೀರ್ಥಂಕರರ ಚಿತ್ರಗಳೋ ಕ್ಷೇತ್ರಗಳ ಚಿತ್ರಗಳೋ ಒಂದಾದ ಮೇಲೊಂದು ಬಂದುಹೋಗುವ ಸ್ಕ್ರೀನ್ ಸೇವರನ್ನು ಹಾಕಿ ಪರದೆಯ ಬಗ್ಗೆ ಕರ್ತವ್ಯ ಮುಗಿಯಿತೆಂದು ತಿಳಿಯಲಾಗುತ್ತದೆ. ಭಕ್ತಿಯ ದೃಷ್ಟಿಯಿಂದ ಅದನ್ನು ಟೀಕಿಸುವ ಉದ್ದೇಶವಿಲ್ಲ. ಆದರೆ ವಿದ್ಯುತ್ತಿನ ದೃಷ್ಟಿಯಿಂದ ಅದರಿಂದ ಒಂದು ಹನಿಯೂ ಉಳಿಯುವುದಿಲ್ಲ. ಚಿತ್ರಗಳನ್ನು ಬದಲಿಸುವ ಶ್ರಮ ಯಂತ್ರಕ್ಕೆ ಇನ್ನೂ ಸ್ವಲ್ಪ ಹೆಚ್ಚೇ. ಇನ್ನು ಕೆಲವರು ಕಪ್ಪು ಚಿತ್ರವನ್ನು ಹಾಕಿ ಪರದೆ ಆರಿದೆಯೆಂದು ಭಾವಿಸುತ್ತಾರೆ. ಇಂದಿನ ಸಾಮಾನ್ಯ ಎಲ್‌ಸಿಡಿ ಮಾನಿಟರಿನಲ್ಲಿ ಬೆಳಕು ಹಿಂದಿನ ಫಲಕದಿಂದ ಬರುತ್ತದೆ, ಮುಂದಿನ ಪದರ ಅದನ್ನು ತಡೆಯುತ್ತದೆ ಅಷ್ಟೆ. ಚಿತ್ರ ಕಪ್ಪಾಗಿದ್ದಾಗಲೂ ಹಿಂದಿನ ದೀಪ ಉರಿಯುತ್ತಲೇ ಇರುತ್ತದೆ. ಕಿಟಕಿಗೆ ಪರದೆ ಎಳೆದ ಮಾತ್ರಕ್ಕೆ ಒಳಗಿನ ದೀಪ ಆರಿತೆಂದು ಯಾರೂ ಹೇಳುವುದಿಲ್ಲ.

ಲೆಕ್ಕವನ್ನು ನೋಡುವುದು ವ್ಯಾಪಾರಸ್ಥ ಸಮಾಜಕ್ಕೆ ಕಷ್ಟವಲ್ಲ. 20 ವ್ಯಾಟ್ ಎಳೆಯುವ ಒಂದು ಸಾಧಾರಣ ಮಾನಿಟರನ್ನು ತೆಗೆದುಕೊಳ್ಳಬಹುದು. ಅಂಗಡಿ ದಿನಕ್ಕೆ 9 ಗಂಟೆ ತೆರೆದಿದ್ದು, ಪರದೆಯನ್ನು ನಿಜವಾಗಿ ನೋಡುವುದು 4 ಗಂಟೆಯಾದರೆ ಉಳಿದ 5 ಗಂಟೆಗಳಲ್ಲಿ ದಿನಕ್ಕೆ ಒಂದು ಯೂನಿಟ್ಟಿನ ಹತ್ತನೆಯ ಒಂದು ಭಾಗ ವ್ಯರ್ಥ. ವರ್ಷದ 300 ದಿನಗಳಿಗೆ ಅದು 30 ಯೂನಿಟ್. ರಾತ್ರಿಯೂ ಆರಿಸದೆ ಬಿಟ್ಟರೆ ದಿನಕ್ಕೆ 20 ಗಂಟೆ ವ್ಯರ್ಥವಾಗಿ ವರ್ಷಕ್ಕೆ 146 ಯೂನಿಟ್. ಕಾಲಮಿತಿಯಿಂದ ನಿದ್ರೆಗೆ ಹೋದ ಮಾನಿಟರ್ ಎಳೆಯುವುದು ಸಾಮಾನ್ಯವಾಗಿ ಅರ್ಧ ವ್ಯಾಟ್ ಅಥವಾ ಅದಕ್ಕೂ ಕಡಿಮೆ. ಆದ್ದರಿಂದ ಈ ನಷ್ಟದ ಬಹುಪಾಲು ಹಾಗೆಯೇ ಉಳಿಯುತ್ತದೆ.

ಈಗ ರೂಪಾಯಿಯನ್ನು ಬದಿಗಿಟ್ಟು ನೋಡಬೇಕು. ಭಾರತದ ಕಲ್ಲಿದ್ದಲಿನ ಸ್ಥಾವರಗಳಲ್ಲಿ ಒಂದು ಯೂನಿಟ್ಟಿಗೆ ಸುಮಾರು 700 ಗ್ರಾಂ ಕಲ್ಲಿದ್ದಲು ಉರಿಯುತ್ತದೆ. ಅದರಲ್ಲಿ ಸರಿಸುಮಾರು ಮೂರನೆಯ ಒಂದು ಭಾಗ ಬೂದಿಯಾಗಿ ಉಳಿಯುತ್ತದೆ. ಇಂತಹ ಸ್ಥಾವರಗಳು ಬಳಸಬಹುದಾದ ನೀರಿಗೆ ಕೇಂದ್ರ ಪರಿಸರ ಸಚಿವಾಲಯ 2015ರ ಡಿಸೆಂಬರಿನಲ್ಲಿ ಮಿತಿ ವಿಧಿಸಿತು. ಆಗಾಗಲೇ ಇದ್ದ ಸ್ಥಾವರಗಳಿಗೆ ಆ ಮಿತಿ ಯೂನಿಟ್ಟಿಗೆ ಮೂರೂವರೆ ಲೀಟರ್. ಈ ಲೆಕ್ಕದಂತೆ ರಾತ್ರಿ ಹಗಲು ಬೆಳಗುವ ಒಂದೇ ಒಂದು ಪರದೆಯ ವ್ಯರ್ಥ ಭಾಗ ಕಲ್ಲಿದ್ದಲಿನಿಂದ ಬಂದದ್ದಾದರೆ ವರ್ಷಕ್ಕೆ ನೂರು ಕಿಲೋ ಕಲ್ಲಿದ್ದಲನ್ನೂ ಐನೂರು ಲೀಟರ್ ನೀರನ್ನೂ ನುಂಗುತ್ತದೆ. ಅದನ್ನು ಯಾರೂ ನೋಡಲಿಲ್ಲ, ಅದರಿಂದ ಯಾರಿಗೂ ಏನೂ ಆಗಲಿಲ್ಲ.

ನೀರಿನ ಲೆಕ್ಕವನ್ನು ಚಿತ್ರದುರ್ಗ ಜಿಲ್ಲೆಯ ಜನಕ್ಕೆ ವಿವರಿಸಬೇಕಾಗಿಲ್ಲ. ಹಿರಿಯೂರಿನ ಬಳಿ ವೇದಾವತಿಗೆ ಕಟ್ಟಿದ ವಾಣಿವಿಲಾಸ ಸಾಗರ, ಜನರ ಬಾಯಲ್ಲಿ ಮಾರಿಕಣಿವೆ, 1907ರಲ್ಲಿ ಮುಗಿಯಿತು. 1933ರಲ್ಲಿ ತುಂಬಿ ಹರಿದ ಆ ಜಲಾಶಯ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. ಎಂಬತ್ತೊಂಬತ್ತು ವರ್ಷ ಕಾದು ಕೋಡಿಯ ನೀರನ್ನು ಕಂಡ ಜಿಲ್ಲೆಯಿದು. ಶಕ್ತಿನಗರದ ಸ್ಥಾವರ ಕುಡಿಯುವುದು ಕೃಷ್ಣೆಯ ನೀರನ್ನೇ ಹೊರತು ವೇದಾವತಿಯ ನೀರನ್ನಲ್ಲ ಎಂದು ಯಾರಾದರೂ ಹೇಳಬಹುದು. ತನ್ನ ಬಾವಿಯ ನೀರಿಗೆ ಮಾತ್ರ ಕರುಣೆ ತೋರುವುದು ಅಹಿಂಸೆಯ ಲಕ್ಷಣವಲ್ಲ.

ಈ ಜಿಲ್ಲೆಯಲ್ಲಿ ಇನ್ನೊಂದು ಆಕ್ಷೇಪಣೆ ವಿಶೇಷವಾಗಿ ಕೇಳಿಬರುತ್ತದೆ. ಜೋಗಿಮಟ್ಟಿಯ ಸುತ್ತಿನಲ್ಲಿಯೂ ಜಿಲ್ಲೆಯ ಇತರ ಗುಡ್ಡಗಳ ಮೇಲೂ ಗಾಳಿಯಂತ್ರಗಳು ಸಾಲುಸಾಲಾಗಿ ತಿರುಗುತ್ತಿವೆ. ಗಾಳಿಯಿಂದ ಬಂದ ವಿದ್ಯುತ್ತಿನಲ್ಲಿ ಹೊಗೆಯಿಲ್ಲ, ಬೂದಿಯಿಲ್ಲ, ಹಾಗಿರುವಾಗ ಚಿತ್ರದುರ್ಗದ ಪರದೆಗೆ ರಾಯಚೂರಿನ ಬೆಂಕಿಯ ಪಾಪವೇಕೆ ಎಂಬುದು ವಾದ. ಕೇಳಲು ಹಿತವಾಗಿದ್ದರೂ ಈ ವಾದ ನಿಲ್ಲುವುದಿಲ್ಲ. ಗುಡ್ಡದ ಮೇಲೆ ಹುಟ್ಟಿದ ವಿದ್ಯುತ್ತು ಗುಡ್ಡದ ಕೆಳಗಿನ ಊರಿಗೆ ಮೀಸಲಾಗಿ ಇಳಿದು ಬರುವುದಿಲ್ಲ. ಗಾಳಿ, ಜಲ, ಸೂರ್ಯ, ಕಲ್ಲಿದ್ದಲು ಎಲ್ಲದರ ವಿದ್ಯುತ್ತೂ ಒಂದೇ ಜಾಲಕ್ಕೆ ಸೇರಿ ಎಲ್ಲೆಡೆಗೂ ಹೋಗುತ್ತದೆ. ಗಾಳಿ ಮುಂಗಾರಿನ ತಿಂಗಳುಗಳಲ್ಲಿ ಬಲವಾಗಿ ಬೀಸಿ ಉಳಿದ ಕಾಲದಲ್ಲಿ ಕುಗ್ಗುತ್ತದೆ. ಪರದೆಗಳು ವರ್ಷವಿಡೀ ಬೆಳಗುತ್ತವೆ. ಬೇಡಿಕೆ ಇಳಿದಾಗ ಸಾಮಾನ್ಯವಾಗಿ ಮೊದಲು ತಗ್ಗಿಸುವುದು ಕಲ್ಲಿದ್ದಲಿನ ಸ್ಥಾವರದ ಉತ್ಪಾದನೆಯನ್ನು. ಆದ್ದರಿಂದ ಹೊಳಲ್ಕೆರೆಯಲ್ಲಿ ಉಳಿದ ಯೂನಿಟ್ ಗಾಳಿಯಂತ್ರವನ್ನು ನಿಲ್ಲಿಸುವುದಿಲ್ಲ, ಎಲ್ಲೋ ಒಂದೆಡೆ ಬೆಂಕಿಯನ್ನು ಅಷ್ಟರಮಟ್ಟಿಗೆ ತಗ್ಗಿಸುತ್ತದೆ. ಇಷ್ಟರ ಮೇಲೆ ಗಾಳಿಯಂತ್ರವೂ ಹಿಂಸೆಯಿಂದ ಮುಕ್ತವಲ್ಲ. ಅದನ್ನು ನಿಲ್ಲಿಸಲು ಗುಡ್ಡವನ್ನು ಕಡಿದು ದಾರಿ ಮಾಡಬೇಕು, ಹುಲ್ಲು ಪೊದೆಗಳನ್ನು ತೆಗೆಯಬೇಕು. ಅದರ ರೆಕ್ಕೆಗೆ ಹಕ್ಕಿಗಳು ಸಿಗುವುದುಂಟು. ಗುಡ್ಡವನ್ನು ತೆತ್ತು ಪಡೆದ ವಿದ್ಯುತ್ತನ್ನು ಖಾಲಿ ಕುರ್ಚಿಯ ಮುಂದೆ ಸುರಿಯಲು ಯಾರಿಗೂ ಹಕ್ಕಿಲ್ಲ.

ಮತ್ತೊಂದು ವಾದ ಉಚಿತ ವಿದ್ಯುತ್ತಿನದು. ಗೃಹಜ್ಯೋತಿ ಯೋಜನೆಯಂತೆ 2023ರ ಜುಲೈ ತಿಂಗಳ ಬಳಕೆಯಿಂದ ಕರ್ನಾಟಕದ ಮನೆಗಳಿಗೆ, ಹಿಂದಿನ ವರ್ಷದ ಸರಾಸರಿಯ ಮೇಲೆ ಶೇಕಡಾ 10 ಸೇರಿಸಿ, ಗರಿಷ್ಠ 200 ಯೂನಿಟ್‌ವರೆಗೆ ಶುಲ್ಕವಿಲ್ಲ. ಬಡ ಸಂಸಾರಗಳಿಗೆ ಇದರಿಂದ ಉಪಕಾರವಾಗಿದೆ, ಅದನ್ನು ಅಲ್ಲಗಳೆಯಬೇಕಾಗಿಲ್ಲ. ಆದರೆ ಬೆಸ್ಕಾಂ ಬಿಲ್ಲಿನಲ್ಲಿ ಸೊನ್ನೆ ಬಂದ ಮಾತ್ರಕ್ಕೆ ಮಕ್ಕಳ ಓದುವ ಕೋಣೆಯ ಪರದೆ ಆರಿಸದೆ ಇದ್ದರೂ ನಡೆಯುತ್ತದೆ ಎಂಬ ಮಾತು ಅನುಕೂಲಸ್ಥರ ಮನೆಗಳಲ್ಲಿಯೂ ಹುಟ್ಟಿಕೊಂಡಿದೆ. ಹಣ ಕೊಡದೆ ಬಂದದ್ದಕ್ಕೆ ಹಿಂಸೆಯೂ ಇಲ್ಲವೆಂಬುದು ಯಾವ ಶಾಸ್ತ್ರ? ಹಾಗಾದರೆ ಹೊಳೆಯ ನೀರನ್ನು ಸೋಸುವುದೇಕೆ, ಅದಕ್ಕೂ ಬೆಲೆಯಿಲ್ಲವಲ್ಲ. ಬೇಡವಾದುದನ್ನು ಹಿಡಿದಿಟ್ಟುಕೊಳ್ಳದಿರುವುದು ಅಪರಿಗ್ರಹವಾದರೆ ಬೇಡವಾದಾಗ ಬಿಟ್ಟುಕೊಡುವುದು ಅದರ ದಿನನಿತ್ಯದ ಆಚರಣೆ.

ಬಿಟ್ಟುಕೊಡುವುದಕ್ಕೆ ಇಲ್ಲಿ ಗ್ರಾಹಕರು ಕಡಿಮೆಯಿಲ್ಲ. 2023ರಲ್ಲಿ ಮಳೆ ಕೈಕೊಟ್ಟಾಗ ರಾಜ್ಯದಲ್ಲಿ ವಿದ್ಯುತ್ತಿನ ಅಭಾವ ತಲೆದೋರಿತು. ರೈತರ ಪಂಪ್‌ಸೆಟ್ಟುಗಳಿಗೆ ಕೊಡಬೇಕಾದ 7 ಗಂಟೆಯ ತ್ರೀ ಫೇಸ್ ವಿದ್ಯುತ್ತಿಗೆ ಬದಲಾಗಿ 5 ಗಂಟೆ ಕೊಡುವುದಾಗಿ ಅಕ್ಟೋಬರಿನಲ್ಲಿ ಸರ್ಕಾರ ಹೇಳಬೇಕಾಯಿತು. ಕೊಳವೆಬಾವಿಯ ನೀರನ್ನೇ ನಂಬಿದ ಅಡಿಕೆ ತೆಂಗಿನ ತೋಟಗಳ ಪ್ರದೇಶದಲ್ಲಿ ಆ ಎರಡು ಗಂಟೆಗಳ ಬೆಲೆ ಎಷ್ಟೆಂದು ತೋಟದವರನ್ನು ಕೇಳಬೇಕು. ಒಂದು ಪರದೆ ಆರಿದರೆ ಒಂದು ಪಂಪು ತಿರುಗುತ್ತದೆಂದು ಹೇಳುವುದು ಅತಿಶಯೋಕ್ತಿ. ಆದರೆ ಅಭಾವದ ದಿನಗಳಲ್ಲಿ ಪೇಟೆಯ ಕಚೇರಿಗಳಲ್ಲಿ ಪರದೆಗಳು ಗೋಡೆಯನ್ನು ನೋಡುತ್ತ ಬೆಳಗುವುದು ಅನ್ಯಾಯವೆಂಬುದು ಅತಿಶಯೋಕ್ತಿಯಲ್ಲ.

ಇಷ್ಟು ಚಿಕ್ಕ ವಿಷಯಕ್ಕೆ ಇಷ್ಟು ದೊಡ್ಡ ಮಾತೇಕೆ ಎಂದು ಕೇಳುವವರಿದ್ದಾರೆ. ಹವಾನಿಯಂತ್ರಣ ಯಂತ್ರ ಒಂದು ಗಂಟೆಯಲ್ಲಿ ನುಂಗುವುದನ್ನು ಮಾನಿಟರ್ ಮೂರು ದಿನದಲ್ಲಿ ನುಂಗುತ್ತದೆ, ನಿಜ. ಆದರೆ ಸೂಕ್ಷ್ಮವನ್ನು ಚಿಕ್ಕದೆಂದು ತಳ್ಳಿಹಾಕುವ ವಾದ ಬೇರೆ ಯಾವ ಸಮಾಜದಲ್ಲಿ ಸಲ್ಲಬಹುದೋ ಏನೋ, ಕಣ್ಣಿಗೆ ಕಾಣದ ಜೀವಿಗಾಗಿ ಬಟ್ಟೆಯಲ್ಲಿ ನೀರು ಸೋಸುವ ಸಮಾಜದಲ್ಲಿ ಸಲ್ಲಲಾರದು. ಹವಾನಿಯಂತ್ರಣದಿಂದ ಒಬ್ಬರಿಗಾದರೂ ಸುಖ ಸಿಗುತ್ತದೆ, ಅದು ಸಪ್ರಯೋಜನ ಹಿಂಸೆ. ಅದನ್ನು ಬಿಡಲು ಸ್ವಲ್ಪ ತ್ಯಾಗ ಬೇಕು. ನೋಡುವವರಿಲ್ಲದ ಪರದೆಯನ್ನು ಆರಿಸುವುದರಲ್ಲಿ ಯಾರ ಸುಖವೂ ಹೋಗುವುದಿಲ್ಲ. ಯಾವ ತ್ಯಾಗವೂ ಇಲ್ಲದೆ ಬಿಡಬಹುದಾದ ಹಿಂಸೆಯನ್ನೇ ಬಿಡಲಾರದವರು ತ್ಯಾಗ ಬೇಡುವ ಹಿಂಸೆಯನ್ನು ಬಿಡುವುದು ಯಾವಾಗ?

ಯಂತ್ರ ಕೆಡುತ್ತದೆ, ಕೆಲಸ ಹಾಳಾಗುತ್ತದೆ ಎಂಬ ಭಯವೂ ಉಂಟು. ಪರದೆ ಆರುವುದು ಬೇರೆ, ಗಣಕಯಂತ್ರವೇ ನಿದ್ರಿಸುವುದು ಬೇರೆ. ಇವೆರಡಕ್ಕೂ ಪ್ರತ್ಯೇಕ ಕಾಲಮಿತಿಗಳಿವೆ. ಪರದೆ ಮಾತ್ರ ಆರಿದಾಗ ಒಳಗಿನ ಕೆಲಸ ಎಂದಿನಂತೆ ನಡೆಯುತ್ತದೆ, ಬರೆಯುತ್ತಿದ್ದ ಬಿಲ್ಲು ಹಾಗೆಯೇ ಇರುತ್ತದೆ, ಮೌಸನ್ನು ಅಲುಗಿಸಿದರೆ ಒಂದೆರಡು ಕ್ಷಣದಲ್ಲಿ ಚಿತ್ರ ಮರಳುತ್ತದೆ. ಪಾಸ್‌ವರ್ಡ್ ಕೇಳುವುದು ಕೂಡ ಬೇರೆ ಏರ್ಪಾಡು, ಬೇಡವೆಂದರೆ ಅದನ್ನು ಬಿಡಬಹುದು. ಪೂರ್ಣ ನಿದ್ರೆಯ ವಿಷಯದಲ್ಲಿ ಭಯಕ್ಕೆ ಸ್ವಲ್ಪ ಆಧಾರವಿದೆ. ಆಗ ಕರೆಂಟು ಹೋಗಿ ಯುಪಿಎಸ್ಸೂ ಬರಿದಾದರೆ ಉಳಿಸದ ಬರಹ ಕಳೆದುಹೋಗಬಹುದು. ಆದುದರಿಂದ ಪರದೆಗೆ ಕಡಿಮೆ ಮಿತಿ, ಯಂತ್ರಕ್ಕೆ ಹೆಚ್ಚು ಮಿತಿ ಇಡುವುದು ವಿವೇಕ. ಕರೆಂಟು ಹೋದಾಗ ಬೆಳಗುತ್ತಲೇ ಇರುವ ಪರದೆ ಯುಪಿಎಸ್ಸಿನ ಬ್ಯಾಟರಿಯನ್ನೂ ಬೇಗ ಬರಿದು ಮಾಡುತ್ತದೆಂಬುದನ್ನು ಈ ಭಯವುಳ್ಳವರೇ ಮೊದಲು ಗಮನಿಸಬೇಕು. ಇನ್ನು ಆರಿಸಿ ಹೊತ್ತಿಸುವುದರಿಂದ ಮಾನಿಟರಿನ ಆಯುಸ್ಸು ಕುಗ್ಗುತ್ತದೆ ಎಂಬುದು ಹಳೆಯ ಕೊಳವೆಗಳ ಕಾಲದಿಂದ ಉಳಿದ ಮಾತು. ಇಂದಿನ ಎಲ್‌ಇಡಿ ದೀಪಗಳು ಸವೆಯುವುದು ಉರಿಯುವುದರಿಂದ.

ಒಂದು ಆಕ್ಷೇಪಣೆಯನ್ನು ಮಾತ್ರ ಗೌರವದಿಂದ ಕೇಳಬೇಕು. ವಯಸ್ಸಾದವರು ಒಂದು ಪುಟವನ್ನು ಹತ್ತು ನಿಮಿಷ ಓದುತ್ತಾರೆ. ತಾಳೆಯೋಲೆಯ ಛಾಯಾಪ್ರತಿಯನ್ನು ಮುಂದಿಟ್ಟುಕೊಂಡು ಪಾಠವನ್ನು ಹೋಲಿಸುವವರು ಯಂತ್ರವನ್ನು ಮುಟ್ಟದೆ ಕಾಲು ಗಂಟೆ ಕುಳಿತಿರುತ್ತಾರೆ. ಅವರ ಕಣ್ಣೆದುರು ಪರದೆ ಪದೇ ಪದೇ ಆರಿದರೆ ಅದು ಅವರಿಗೆ ಕೊಡುವ ಕಿರುಕುಳ. ಪರದೆಯನ್ನು ನೋಡುವವರಿಗಾಗಿ ಬೆಳಗಿಸುವುದರಲ್ಲಿ ದೋಷವಿಲ್ಲ. ಭೂಮಿ ಯೋಜನೆಯಲ್ಲಿ ಪಹಣಿಗಳನ್ನು ಗಣಕೀಕರಿಸಿ 2000ದ ನಂತರದ ವರ್ಷಗಳಲ್ಲಿ ರಾಜ್ಯದ 177 ತಾಲ್ಲೂಕು ಕಚೇರಿಗಳಲ್ಲಿ ಕೇಂದ್ರಗಳನ್ನು ತೆರೆದಾಗ ರೈತನ ಕಡೆಗೆ ಮುಖ ಮಾಡಿದ ಎರಡನೆಯ ಪರದೆಯನ್ನು ಇಡುವ ಏರ್ಪಾಡು ಮಾಡಿದ್ದರು. ತನ್ನ ಜಮೀನಿನ ದಾಖಲೆಯಲ್ಲಿ ಏನು ಬರೆಯಲಾಗುತ್ತಿದೆ ಎಂಬುದನ್ನು ರೈತನೇ ಕಾಣಲಿ ಎಂಬುದು ಅದರ ಉದ್ದೇಶ. ಆ ಒಂದು ಪರದೆಗೆ ತಗಲಿದ ವಿದ್ಯುತ್ತು ಸಾರ್ಥಕ. ಮಿತಿಯೆಷ್ಟು ಎಂಬುದನ್ನು ಪ್ರಯೋಜನ ನಿರ್ಧರಿಸಬೇಕು: ಬಿಲ್ಲು ಬರೆಯುವಲ್ಲಿ 5 ನಿಮಿಷ, ಲೆಕ್ಕ ನೋಡುವಲ್ಲಿ 10 ನಿಮಿಷ, ಓದುವವರ ಮೇಜಿನಲ್ಲಿ 20 ನಿಮಿಷ. ಯಾವ ಮೇಜಿಗೂ ಹೊಂದದ ಉತ್ತರವೆಂದರೆ 'ಎಂದಿಗೂ ಇಲ್ಲ' ಎಂಬುದೊಂದೇ.

ಬಸದಿಯಲ್ಲಿ ನಂದಾದೀಪ ರಾತ್ರಿ ಹಗಲು ಉರಿಯುವುದಿಲ್ಲವೇ ಎಂಬ ಪ್ರಶ್ನೆ ಟ್ರಸ್ಟುಗಳ ಕಡೆಯಿಂದ ಬರಬಹುದು. ಹೊಸದುರ್ಗ ತಾಲ್ಲೂಕಿನ ಹೆಗ್ಗೆರೆಯಲ್ಲಿ ಹೊಯ್ಸಳರ ಕಾಲದ ಪಾರ್ಶ್ವನಾಥ ಬಸದಿಯಿದೆ. ಅಂತಹ ಬಸದಿಗಳ ಕಾಲದ ಕನ್ನಡ ಶಾಸನಗಳನ್ನು ಓದಿದವರಿಗೆ ನಂದಾದೀವಿಗೆಗೆ ಗಾಣದಿಂದ ಎಷ್ಟು ಎಣ್ಣೆ ಸಲ್ಲಬೇಕೆಂದು ಸೊಲ್ಲಗೆಯ ಲೆಕ್ಕದಲ್ಲಿ ಬರೆದಿಟ್ಟಿರುವುದು ಗೊತ್ತು. ದೀಪಕ್ಕೆ ಉದ್ದೇಶವಿತ್ತು, ಎಣ್ಣೆಗೆ ಅಳತೆಯಿತ್ತು, ಅಳೆದು ಕೊಡುವವರ ಹೆಸರಿತ್ತು. ಕಚೇರಿಯ ಪರದೆಗೆ ಈ ಮೂರರಲ್ಲಿ ಒಂದೂ ಇಲ್ಲ. ನಂದಾದೀಪದ ಹೆಸರಿನಲ್ಲಿ ಅದನ್ನು ಸಮರ್ಥಿಸುವುದು ನಂದಾದೀಪಕ್ಕೆ ಅಗೌರವ.

ಟ್ರಸ್ಟುಗಳಲ್ಲಿ ಇನ್ನೊಂದು ಪರದೆಯುಂಟು, ಕಾವಲು ಕ್ಯಾಮೆರಾದ್ದು. ಮೂರ್ತಿಗಳ ರಕ್ಷಣೆಗಾಗಿ ಕ್ಯಾಮೆರಾ ಇಡುವುದು ಅಗತ್ಯವೇ. ಆದರೆ ಚಿತ್ರವನ್ನು ದಾಖಲಿಸುವುದು ಅದರ ಪೆಟ್ಟಿಗೆ, ಎದುರಿಗಿನ ಮಾನಿಟರ್ ಅಲ್ಲ. ಮಾನಿಟರ್ ಆರಿದ್ದರೂ ದಾಖಲೆ ಯಥಾಪ್ರಕಾರ ನಡೆಯುತ್ತದೆ. ಬೀಗ ಹಾಕಿದ ಕಚೇರಿಯೊಳಗೆ ರಾತ್ರಿಯಿಡೀ ಆ ಮಾನಿಟರ್ ಬೆಳಗುವುದರಿಂದ ಕಳ್ಳನಿಗೂ ಭಯವಿಲ್ಲ, ಕಾವಲುಗಾರನಿಗೂ ಉಪಯೋಗವಿಲ್ಲ. ಪೆಟ್ಟಿಗೆಯನ್ನು ಚಾಲೂ ಇಟ್ಟು ಮಾನಿಟರಿನ ಗುಂಡಿಯನ್ನು ಮಾತ್ರ ಒತ್ತಿ ಹೋಗಬೇಕು.

ಕೊನೆಯದಾಗಿ, ಬೆಂಗಳೂರಿನಲ್ಲಿಯೂ ಹೊರದೇಶಗಳಲ್ಲಿಯೂ ತಂತ್ರಾಂಶ ಬರೆಯುವ ಉದ್ಯೋಗದಲ್ಲಿರುವ ಸಮಾಜದ ಯುವಕ ಯುವತಿಯರಿಗೆ ಈ ವಿಷಯದಲ್ಲಿ ಹಿರಿಯರಿಗಿಂತ ಹೆಚ್ಚಿನ ಹೊಣೆಯಿದೆ. ಪರದೆಯನ್ನು ಎಚ್ಚರವಾಗಿಡು ಎಂದು ಯಂತ್ರಕ್ಕೆ ಬೇಡಿಕೆ ಸಲ್ಲಿಸುವ ಅವಕಾಶವನ್ನು ವಿಂಡೋಸ್ ಎಲ್ಲ ತಂತ್ರಾಂಶಗಳಿಗೂ ಕೊಟ್ಟಿದೆ. ಚಲನಚಿತ್ರ ತೋರಿಸುವಾಗ, ಪ್ರವಚನವನ್ನು ಪರದೆಯಲ್ಲಿ ಕೇಳಿಸುವಾಗ ಅದು ಬೇಕು. ಆದರೆ ಚಿತ್ರ ಮುಗಿದ ಮೇಲೂ ಬೇಡಿಕೆಯನ್ನು ಹಿಂತೆಗೆದುಕೊಳ್ಳದ ತಂತ್ರಾಂಶಗಳಿವೆ, ಅಗತ್ಯವೇ ಇಲ್ಲದೆ ಬೇಡಿಕೆ ಸಲ್ಲಿಸುವ ತಂತ್ರಾಂಶಗಳೂ ಇವೆ. ಅಂತಹ ಒಂದು ಸಾಲನ್ನು ಉದಾಸೀನದಿಂದ ಬರೆದವನು, ಅಂಗಡಿಯವನು ಇಟ್ಟ ಕಾಲಮಿತಿಯನ್ನು ಅವನಿಗೆ ತಿಳಿಯದಂತೆಯೇ ಮುರಿಯುತ್ತಾನೆ. ಅದೂ ಒಂದು ಮೇಜಿನಲ್ಲಿ ಅಲ್ಲ, ಆ ತಂತ್ರಾಂಶ ಹೋದ ಎಲ್ಲ ಮೇಜುಗಳಲ್ಲಿ. ತಾನು ಮಾಡುವುದು, ಪರರಿಂದ ಮಾಡಿಸುವುದು, ಮಾಡಿದ್ದನ್ನು ಅನುಮೋದಿಸುವುದು ಎಂಬ ಕೃತ ಕಾರಿತ ಅನುಮೋದನೆಗಳ ಭೇದವನ್ನು ಪಾಠಶಾಲೆಯಲ್ಲಿ ಕಲಿತವರು ತಮ್ಮ ಸಾಲು ಯಾವುದಕ್ಕೆ ಸೇರುತ್ತದೆಂದು ಯೋಚಿಸಬೇಕು. ಯಾವ ತಂತ್ರಾಂಶ ಪರದೆಯನ್ನು ಹಿಡಿದಿಟ್ಟಿದೆ ಎಂದು ತೋರಿಸುವ ಆದೇಶವೂ ವಿಂಡೋಸಿನಲ್ಲಿಯೇ ಇದೆ. ಹಬ್ಬಕ್ಕೆ ಊರಿಗೆ ಬಂದಾಗ ಅಂಗಡಿಯ ಯಂತ್ರದಲ್ಲಿ ಅದನ್ನೊಮ್ಮೆ ನೋಡಿಕೊಡುವುದು ಅವರಿಗೆ ಐದು ನಿಮಿಷದ ಕೆಲಸ.

ವ್ರತವೆಂಬುದು ಎಚ್ಚರವಿರುವಾಗ ಮಾಡಿದ ನಿಶ್ಚಯ, ಎಚ್ಚರ ತಪ್ಪಿದಾಗ ಕಾಯುವುದಕ್ಕಾಗಿ. ಕಾಲಮಿತಿಯ ಸ್ವಭಾವವೂ ಅದೇ. ಆದುದರಿಂದ ಗೋಡೆಗೆ 'ವಿದ್ಯುತ್ ಉಳಿಸಿ' ಎಂಬ ಚೀಟಿ ಅಂಟಿಸಿ ಗುಮಾಸ್ತನನ್ನು ಗದರಿಸುವುದರ ಬದಲು ಟ್ರಸ್ಟುಗಳು ತಮ್ಮ ಮುಂದಿನ ಸಭೆಯಲ್ಲಿ ನಾಲ್ಕು ನಿರ್ಣಯಗಳನ್ನು ಬರೆಯಲಿ. ಟ್ರಸ್ಟಿಗೆ ಸೇರಿದ ಪ್ರತಿಯೊಂದು ಗಣಕಯಂತ್ರದ ಪರದೆಗೂ ಕೆಲಸಕ್ಕೆ ತಕ್ಕ ಕಾಲಮಿತಿಯನ್ನು ಇಡತಕ್ಕದ್ದು. ಆ ಮಿತಿಯನ್ನು ಕಾರ್ಯದರ್ಶಿಯ ಅನುಮತಿಯಿಲ್ಲದೆ ತೆಗೆಯತಕ್ಕದ್ದಲ್ಲ. ಕಾವಲು ಕ್ಯಾಮೆರಾದ ಮಾನಿಟರನ್ನು ಕಚೇರಿ ಮುಚ್ಚುವಾಗ ಆರಿಸತಕ್ಕದ್ದು. ಹೊಸ ಯಂತ್ರವನ್ನು ಕೊಂಡಾಗ ಜೋಡಿಸುವವನ ಎದುರಿನಲ್ಲಿಯೇ ಇದನ್ನು ಪರೀಕ್ಷಿಸತಕ್ಕದ್ದು. ಚಿತ್ರದುರ್ಗದಿಂದ ಹೊಳಲ್ಕೆರೆಯವರೆಗೆ ಎಲ್ಲ ಟ್ರಸ್ಟುಗಳೂ ಮನೆತನಗಳೂ ಇದನ್ನು ಪರ್ಯೂಷಣ, ದಶಲಕ್ಷಣ ಪರ್ವಗಳಿಗೆ ಮೊದಲು ಮಾಡಿ ಮುಗಿಸಿದರೆ, ಪರ್ವದ ದಿನಗಳಲ್ಲಿ ಕಚೇರಿಗೆ ಬೀಗ ಹಾಕಿ ಎಲ್ಲರೂ ಪ್ರವಚನಕ್ಕೆ ಕುಳಿತಾಗ ಒಳಗಿನ ಪರದೆಯೂ ಐದು ನಿಮಿಷದಲ್ಲಿ ಆರಿರುತ್ತದೆ.